ಡ್ರಾಯಿಂಗ್ ಹಾಕುವ ಮೊದಲು ತೋಟಕ್ಕೆ ಬನ್ನಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ವರದಿ ಬಂದಿತ್ತು. ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಮಾಡಿದ ಕೃಷಿ ಯಂತ್ರಗಳ ಪ್ರದರ್ಶನದ್ದು. ಅಡಿಕೆ ಬೆಳೆಗಾರರಿಗೆ ವರದಾನ ಅಂತ ತಲೆಬರಹ ಇತ್ತು. ಫೋಟೋದಲ್ಲಿ ಅಡಿಕೆ ಮರಕ್ಕೆ ಮದ್ದು (ರೋಗದ ಔಷಧಿ) ಬಿಡುವ ನಾಲ್ಕು ಚಕ್ರದ ಗಾಡಿ, ಅದರ ಮೇಲೆ ಡ್ರಮ್ಮು, ಪಂಪು, ಸುತ್ತಿಟ್ಟ ಪೈಪು. ಆ ಪ್ರದರ್ಶನಕ್ಕೆ ನಾನೂ ಹೋಗಿದ್ದೆ. ಬಂದ ದಿನದಿಂದ ಅದೇ ವಿಷಯ ತಲೆಯಲ್ಲಿ ತಿರುಗುತ್ತಾ ಇದೆ. ಹಾಗಾಗಿ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಆದರೂ ಆದಷ್ಟು ಪೂರ್ತಿ ಹಾಕಿ.

ನಾನು ಹಿರಿಯಡ್ಕದ ಹತ್ತಿರ 31 ವರ್ಷದಿಂದ ರಿಪೇರಿ ಅಂಗಡಿ ಇಟ್ಟುಕೊಂಡವನು. ಪಂಪುಸೆಟ್, ಮದ್ದು ಬಿಡುವ ಪಂಪು, ಹುಲ್ಲು ಕತ್ತರಿಸುವ ಮೆಷಿನ್, ಅಡಿಕೆ ಸುಲಿಯುವ ಮೆಷಿನ್, ಎಲ್ಲ ಬರುತ್ತದೆ. ಓದಿದ್ದು ಐಟಿಐ. ಹೊಸ ವಸ್ತು ಮಾಡುವ ಕೆಲಸ ನನ್ನದಲ್ಲ. ಮಾಡಿದ್ದು ಹಾಳಾದ ಮೇಲೆ ನನ್ನ ಹತ್ತಿರ ಬರುತ್ತದೆ.

ಪ್ರದರ್ಶನದಲ್ಲಿ ಆ ಗಾಡಿಯ ಹತ್ತಿರ ಮೂರು ಹುಡುಗರು, ಒಬ್ಬಳು ಹುಡುಗಿ ನಿಂತಿದ್ದರು. ತುಂಬ ಮರ್ಯಾದೆಯಿಂದ ಎಲ್ಲ ಬಿಡಿಸಿ ತೋರಿಸಿದರು. ವೆಲ್ಡಿಂಗ್ ನೀಟಾಗಿತ್ತು. ನನ್ನ ಕೆಲಸಕ್ಕಿಂತ ನೀಟು ಅಂತಲೇ ಹೇಳಬೇಕು. ನಾನು ಕೇಳಿದೆ, "ಇದು ಸಂಕ ದಾಟ್ತದಾ ಮಕ್ಕಳೇ?"

ನಾಲ್ವರೂ ಮುಖ ಮುಖ ನೋಡಿಕೊಂಡರು. ಒಬ್ಬ ಕೇಳಿದ, "ಸಂಕ ಅಂದ್ರೆ ಎಂತ ಅಂಕಲ್?"

ನಮ್ಮ ಕಡೆಯ ತೋಟ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಸಾಲಿನ ನಡುವೆ ಕಣಿ ಇರುತ್ತದೆ, ಮಳೆ ನೀರು ಬಸಿದು ಹೋಗಲಿಕ್ಕೆ. ಕಣಿ ದಾಟಲು ಎರಡು ಅಡಿಕೆ ಮರದ ತುಂಡು ಅಡ್ಡ ಹಾಕಿರುತ್ತಾರೆ. ಅದೇ ಸಂಕ. ಅಗಲ ಒಂದು ಅಡಿ ಇದ್ದರೆ ಜಾಸ್ತಿ. ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ, ಬರಿಗಾಲಲ್ಲೂ ನೋಡಿ ನೋಡಿ ಹೆಜ್ಜೆ ಇಡಬೇಕು. ಈ ಗಾಡಿ ಮೂರು ಅಡಿ ಅಗಲ ಇತ್ತು. ತೋಟದ ಮೊದಲ ಕಣಿಯ ಹತ್ತಿರವೇ ಅದು ನಿಲ್ಲಬೇಕು.

ಇನ್ನೊಂದು ವಿಷಯ. ಡ್ರಮ್ಮಿನ ಕೆಳಗೆ ನಲ್ಲಿಗೆ ಕಬ್ಬಿಣದ ನಿಪ್ಪಲ್ (ಜೋಡಿಸುವ ಗಿಡ್ಡ ಪೈಪು) ಹಾಕಿದ್ದರು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ನಾವು ಬಿಡುವುದು ಬೋರ್ಡೋ ದ್ರಾವಣ. 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮೈಲುತುತ್ತಿಗೆ ಕಬ್ಬಿಣ ಆಗುವುದಿಲ್ಲ. ಸುಣ್ಣ ಸಾಕಷ್ಟು ಬಿದ್ದಿದೆಯಾ ಅಂತ ನೋಡಲು ನಮ್ಮಲ್ಲಿ ಕತ್ತಿಯ ತುದಿಯನ್ನು ಮದ್ದಿನಲ್ಲಿ ಅದ್ದಿ ನೋಡುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲಲಿಲ್ಲ ಅಂತ ಲೆಕ್ಕ. ಮದ್ದು ಕಲಸುವ ಯಾರನ್ನು ಕೇಳಿದ್ದರೂ ಆ ನಿಪ್ಪಲ್ ಬೇಡ, ಹಿತ್ತಾಳೆ ಹಾಕಿ ಇಲ್ಲ ಪ್ಲಾಸ್ಟಿಕ್ ಹಾಕಿ ಅಂತ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದರು.

ನೀವು ತೋಟಕ್ಕೆ ಯಾವಾಗ ಹೋದಿರಿ ಅಂತ ಕೇಳಿದೆ. ಟೆಸ್ಟಿಂಗಿಗೆ ಹೋಗಿದ್ದೆವು, ಮಾರ್ಚಿನಲ್ಲಿ ಅಂದರು. ಮಾರ್ಚಿನಲ್ಲಿ ಕಣಿ ಒಣಗಿರುತ್ತದೆ. ಕೊಳೆರೋಗ ಇಲ್ಲ, ಮದ್ದು ಬಿಡುವವರೂ ಇಲ್ಲ. ಪ್ರಾಜೆಕ್ಟ್ ಶುರುವಾದದ್ದು ಆಗಸ್ಟಿನಲ್ಲಂತೆ. ಆಗಸ್ಟ್ ಅಂದರೆ ನಮ್ಮಲ್ಲಿ ಹಲವರು ಎರಡನೇ ಸಲದ ಮದ್ದಿಗೆ ಬಿಸಿಲು ಯಾವಾಗ ಬರುತ್ತದೋ ಅಂತ ಕಾಯುತ್ತಿರುವ ಹೊತ್ತು. ಕಾಲೇಜಿನಿಂದ ಹತ್ತು ನಿಮಿಷ ಬೈಕಿನಲ್ಲಿ ಹೋಗಿದ್ದರೆ ಎಲ್ಲವೂ ಕಣ್ಣೆದುರೇ ಇತ್ತು. ಆ ಮಕ್ಕಳು ಆ ಹೊತ್ತಿನಲ್ಲಿ ಕ್ಲಾಸಿನಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಹಾಕುತ್ತಿದ್ದರು.

ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಮೊದಲು ಹೋಗಿ ನೋಡಿ ಬನ್ನಿ ಅಂತ ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. ಬೇಜಾರು ಯಾಕೆಂದರೆ, ಕಾಲೇಜಿನಲ್ಲಿ ಆಗುವುದೇ ದೊಡ್ಡ ಕಂಪನಿಗಳಲ್ಲೂ ಆಗುತ್ತಾ ಇದೆ. ಅದರ ಖರ್ಚು ನಮ್ಮ ಊರಿನ ಜನರ ಕಿಸೆಯಿಂದ ಹೋಗುತ್ತದೆ.

ಎರಡು ವರ್ಷದ ಹಿಂದಿನ ಸಂಗತಿ ಹೇಳುತ್ತೇನೆ. ನಮ್ಮ ಅಂಗಡಿಯಿಂದ ನಾಲ್ಕು ಕಿಲೋಮೀಟರ್ ಒಳಗೆ ಒಬ್ಬರು ಅಕ್ಕ ಇದ್ದಾರೆ. ಅರವತ್ತು ದಾಟಿದೆ. ಗಂಡ ತೀರಿಕೊಂಡಿದ್ದಾರೆ, ಮಗ ಬೆಂಗಳೂರಿನಲ್ಲಿ. ಒಂದು ಎಕರೆ ತೋಟ ಅವರೇ ನೋಡಿಕೊಳ್ಳುತ್ತಾರೆ. ಮಗ ಹುಲ್ಲು ಕತ್ತರಿಸುವ ಮೆಷಿನ್ ತಂದುಕೊಟ್ಟಿದ್ದ, ಹೆಗಲಿಗೆ ಹಾಕಿಕೊಳ್ಳುವಂಥದ್ದು. ಒಂದು ದಿನ ಆಟೋದಲ್ಲಿ ಅದನ್ನು ಹಾಕಿಕೊಂಡು ಬಂದರು.

"ಸ್ಟಾರ್ಟ್ ಆಗುದಿಲ್ಲ ಮಾರಾಯ, ಒಮ್ಮೆ ನೋಡು."

ನಾನು ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಪ್ಲಗ್ ತಿಕ್ಕಿ, ಏರ್ ಫಿಲ್ಟರ್ ತೊಳೆದು ಕೊಟ್ಟೆ. ಹತ್ತು ದಿನಕ್ಕೆ ಪುನಃ ಬಂದರು. ಪುನಃ ಒಂದೇ ಎಳೆತ. ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡಿದೆ. ಮೂರನೇ ಸಲ ಬಂದಾಗ ಅವರ ಮುಖ ನೋಡಿ ನನಗೇ ಸಂಕಟ ಆಯಿತು. ಆಟೋಗೆ ಪ್ರತಿ ಸಲ ದುಡ್ಡು. ಮೇಲಿಂದ, ನನ್ನ ಎದುರು ಮೆಷಿನ್ ಸರಿಯಾಗಿ ನಡೆಯುವಾಗ ಅವರಿಗೆ ಒಂಥರಾ ನಾಚಿಕೆ. ನನಗೆ ಗೊತ್ತಾಗುದಿಲ್ಲ ಇರಬೇಕು ಅಂತ ತಮ್ಮನ್ನೇ ಬೈದುಕೊಂಡರು.

ಆವತ್ತು ನಾನು ಬಿಲ್ ಬರೆಯಲಿಲ್ಲ. ಸಂಜೆ ಮೆಷಿನನ್ನು ನಾನೇ ಅವರ ಮನೆಗೆ ತೆಗೆದುಕೊಂಡು ಹೋದೆ. ನೀವು ಹೇಗೆ ಸ್ಟಾರ್ಟ್ ಮಾಡುತ್ತೀರೋ ಹಾಗೆಯೇ ಮಾಡಿ, ನಾನು ಸುಮ್ನೆ ನೋಡುತ್ತೇನೆ ಅಂದೆ. ಮನೆಯ ಹಿಂದೆ ಗುಡ್ಡದ ಇಳಿಜಾರು. ಮೆಷಿನನ್ನು ನೆಲದ ಮೇಲೆ ಇಟ್ಟರು. ಒದ್ದೆ ಹುಲ್ಲು, ಅದು ಕೆಳಗೆ ಜಾರಿತು. ಎಡಗೈಯಲ್ಲಿ ಒತ್ತಿ ಹಿಡಿದರು. ಬಗ್ಗಿಕೊಂಡು ಬಲಗೈಯಲ್ಲಿ ಹಗ್ಗ ಎಳೆದರು. ಬಗ್ಗಿದ್ದಕ್ಕೆ ಕೈ ಪೂರ್ತಿ ಹಿಂದೆ ಹೋಗುವುದಿಲ್ಲ. ಹಗ್ಗ ಅರ್ಧ ಬಂದು ನಿಲ್ಲುತ್ತದೆ. ಆ ಇಂಜಿನಿಗೆ ಹಗ್ಗ ಜೋರಾಗಿ ಬಂದರೆ ಮಾತ್ರ ಕಿಡಿ ಹುಟ್ಟುತ್ತದೆ. ನಿಧಾನ ಎಳೆದರೆ ಎಷ್ಟು ಸಲ ಎಳೆದರೂ ಅಷ್ಟೇ. ಎಂಟು ಸಲ ಎಳೆದರು. ನಾನು ಎಣಿಸಿದೆ. ಎಂಟನೇ ಸಲಕ್ಕೆ ಸೊಂಟ ಹಿಡಿದುಕೊಂಡು ನಿಂತರು.

ಮೆಷಿನ್ ಕೆಟ್ಟಿರಲೇ ಇಲ್ಲ. ನಾನು ಎರಡು ಸಲ ಕೆಡದೇ ಇರುವುದನ್ನು ರಿಪೇರಿ ಮಾಡಿದ್ದೆ. ಎರಡು ಸಲದ ದುಡ್ಡೂ ತೆಗೆದುಕೊಂಡಿದ್ದೆ, ಅದನ್ನು ವಾಪಸ್ ಕೊಟ್ಟೆ. ಮಾರನೇ ದಿನ ಒಂದು ಹಲಸಿನ ಹಲಗೆಗೆ ಮೆಷಿನ್ ಕೂರುವಷ್ಟು ಅಂಚು ಕೊರೆದು, ಅವರ ಹಿಂದಿನ ಜಗಲಿಯ ಕಟ್ಟೆಗೆ ಬೋಲ್ಟ್ ಹಾಕಿ ಕೂರಿಸಿದೆ. ಈಗ ಅವರು ನೆಟ್ಟಗೆ ನಿಂತು ಎಳೆಯುತ್ತಾರೆ. ಸೊಂಟದ ಎತ್ತರದಲ್ಲಿ ಮೆಷಿನ್ ಇದೆ, ಜಾರುವುದಿಲ್ಲ. ಎರಡನೇ ಎಳೆತಕ್ಕೆ ಸ್ಟಾರ್ಟ್.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಇದೆ. ಸ್ಟಾರ್ಟ್ ಆಗುದಿಲ್ಲ ಅಂತ ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಮಾತಿನಿಂದ ನನಗೆ ಏನೂ ತಿಳಿಯಲಿಲ್ಲ. ಅಂಗಡಿಯ ಸಿಮೆಂಟ್ ನೆಲದ ಮೇಲೆ ನಿಂತು ನಾನು ಎಳೆದಾಗಲೂ ತಿಳಿಯಲಿಲ್ಲ. ಅವರ ಗುಡ್ಡದಲ್ಲಿ, ಅವರ ಕೈಯಲ್ಲಿ ನೋಡಿದಾಗ ಹತ್ತು ನಿಮಿಷದಲ್ಲಿ ತಿಳಿಯಿತು. ಮೆಷಿನ್ ಮಾಡಿದ ಕಂಪನಿಯವರು ಒಂದೇ ಒಂದು ಸಲ ಇಂಥ ಒಬ್ಬ ಅಕ್ಕನ ಕೈಗೆ ಹಗ್ಗ ಕೊಟ್ಟು ನೋಡಿದ್ದರೆ ಹಿಡಿಯ ಹತ್ತಿರ ಕಾಲಿಡಲು ಒಂದು ಪಟ್ಟಿ ಸೇರಿಸುತ್ತಿದ್ದರೋ ಏನೋ. ಡ್ರಾಯಿಂಗ್ ಹಂತದಲ್ಲಿ ಅದಕ್ಕೆ ಒಂದು ಗೆರೆ ಸಾಕು. ಸಾವಿರಾರು ಮೆಷಿನ್ ಮಾರಿದ ಮೇಲೆ ಪ್ರತಿ ಮನೆಗೂ ಹಲಗೆ ಕೊರೆಯಲು ಯಾರು ಹೋಗುತ್ತಾರೆ?

ಸಮಸ್ಯೆಯನ್ನು ಮೊದಲೇ ಹಿಡಿಯುವ ವಿಷಯ ನನಗೆ ಹೊಸದಲ್ಲ. ಅಪ್ಪನ ಬಾಯಿಂದ ಸಣ್ಣವನಿರುವಾಗಲೇ ಕೇಳಿದ್ದು. ಅಪ್ಪ ಸರ್ಕಾರಿ ಕೈಪಂಪುಗಳ ಮೆಕ್ಯಾನಿಕ್ ಆಗಿದ್ದರು. ಆಗ ಉಡುಪಿ ಇನ್ನೂ ದಕ್ಷಿಣ ಕನ್ನಡದ ಒಂದು ತಾಲೂಕು. ಸೈಕಲ್ಲಿನ ಹಿಂದೆ ಪೈಪ್ ರೆಂಚ್ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು.

ಮೊದಮೊದಲು ಬಂದ ಕೈಪಂಪುಗಳು ಬೀಡು ಕಬ್ಬಿಣದವು. ಅವು ಮೂಲದಲ್ಲಿ ಯುರೋಪು, ಅಮೆರಿಕದ ಕಡೆಯ ಪಂಪುಗಳ ನಕಲು. ಅಲ್ಲಿ ಒಂದು ಮನೆಗೆ ಒಂದು ಪಂಪು. ದಿನಕ್ಕೆ ನಾಲ್ಕಾರು ಸಲ ಆಡಿಸಿದರೆ ಮುಗಿಯಿತು. ಅದನ್ನೇ ತಂದು ನಮ್ಮ ದೇಶದ ಊರಿನ ನಡುವೆ ಕೂರಿಸಿದರು. ಬೆಳಿಗ್ಗೆ ಐದು ಗಂಟೆಯಿಂದ ರಾತ್ರಿಯವರೆಗೆ ಕೊಡಪಾನದ ಸಾಲು. ಹೆಂಗಸರು, ಮಕ್ಕಳು, ಹಿಡಿಗೆ ನೇತಾಡಿ ಆಡಿಸುವುದು. ಹಿಡಿ ಮುರಿಯಿತು, ಪಿನ್ನು ಸವೆಯಿತು. ಒಂದು ಕಾಲದಲ್ಲಿ ದೇಶದಲ್ಲಿ ಹಾಕಿದ ಪಂಪುಗಳಲ್ಲಿ ಹೆಚ್ಚಿನವು ಕೆಟ್ಟು ನಿಂತಿದ್ದವು. "ಒಂದು ಮನೆಯ ಪಂಪಿಗೆ ಇಡೀ ಊರು ನೇತಾಡಿದ್ರೆ ಅದು ಎಂತ ಮಾಡ್ತದೆ?" ಅಂತ ಅಪ್ಪ ಹೇಳುತ್ತಿದ್ದರು.

ಆಮೇಲೆ ಬಂದದ್ದು ಇಂಡಿಯಾ ಮಾರ್ಕ್ 2. 1970ರ ದಶಕದಲ್ಲಿ ಯುನಿಸೆಫ್‌ನವರು, ನಮ್ಮ ದೇಶದ ಇಂಜಿನಿಯರುಗಳು ಸೇರಿ ಮಾಡಿದ್ದು. ಅವರು ಹೊಸತಾಗಿ ತಲೆ ಓಡಿಸುವ ಮೊದಲು ಊರಿನಲ್ಲಿ ಯಾವ ಪಂಪು ಮುರಿಯದೆ ನಿಂತಿದೆ ಅಂತ ಹುಡುಕಿದರು. ಮಹಾರಾಷ್ಟ್ರದ ಸೋಲಾಪುರದಲ್ಲಿ ತಯಾರಾಗುತ್ತಿದ್ದ ಒಂದು ಪಂಪು ಚೆನ್ನಾಗಿ ಬಾಳುತ್ತಿತ್ತು. ಅದರಿಂದ ಶುರು ಮಾಡಿದರು. ಕೊಯಮತ್ತೂರಿನ ಕಡೆ ಆಳದ ಬೋರ್‌ವೆಲ್‌ಗಳ ಮೇಲೆ ಕೂರಿಸಿ, ಜನ ದಿನವಿಡೀ ಆಡಿಸುವಾಗ ಏನಾಗುತ್ತದೆ ಅಂತ ನೋಡಿದರು. ಹಿಡಿಗೆ ಗಟ್ಟಿ ಉಕ್ಕಿನ ಸರಳು, ಒಳಗೆ ಬಾಲ್ ಬೇರಿಂಗು, ರಾಡ್ ಎತ್ತಲು ಚೈನು. ಊರಿನ ಶಾಲೆಯ ಹತ್ತಿರ ಈಗಲೂ ಆ ಪಂಪು ಕಾಣಬಹುದು.

ಆದರೆ ಅಪ್ಪನಿಗೆ ಮಾರ್ಕ್ 2 ಮೇಲೆ ಒಂದು ದೂರು ಇತ್ತು. ಒಳಗೆ ನೀರು ಎತ್ತುವ ಚರ್ಮದ ವಾಷರ್ ಸವೆಯುತ್ತದೆ. ಬೆಲೆ ಕೆಲವೇ ರೂಪಾಯಿ. ಅದನ್ನು ಬದಲಾಯಿಸಬೇಕಾದರೆ ಬಾವಿಯೊಳಗಿನ ಪೈಪುಗಳೆಲ್ಲ ಮೇಲೆ ಬರಬೇಕು. ಒಂದೊಂದು ಪೈಪು 3 ಮೀಟರ್. 30 ಮೀಟರ್ ಆಳಕ್ಕೆ ಇಳಿಸಿದ್ದರೆ ಹತ್ತು ಪೈಪು. ಮೂರು ಕಾಲಿನ ಸ್ಟ್ಯಾಂಡ್ ಬೇಕು, ಚೈನ್ ಬೇಕು, ನಾಲ್ಕು ಜನ ಬೇಕು. ಪಂಪು ಆಡಿಸುವವರನ್ನು ಎಲ್ಲರೂ ಕೇಳಿದ್ದಾರೆ, ವಾಷರ್ ಹಾಕುವವನನ್ನು ಕೇಳಿಲ್ಲ ಅನ್ನುತ್ತಿದ್ದರು ಅಪ್ಪ. ಮುಂದೆ ಮಾರ್ಕ್ 3 ಬಂತು. ಅದರಲ್ಲಿ ಒಳಗಿನ ಪೈಪು ಎರಡೂವರೆ ಇಂಚಿನದ್ದು. ಪೈಪು ಅಲ್ಲೇ ಇರುತ್ತದೆ, ರಾಡನ್ನು ಮಾತ್ರ ಎಳೆದರೆ ವಾಷರ್ ಅದರ ಜೊತೆಗೇ ಮೇಲೆ ಬರುತ್ತದೆ. ಚರ್ಮದ ಬದಲು ಬಾಳಿಕೆಯ ರಬ್ಬರ್ ಬಂತು. ಅಪ್ಪನ ಹಾಗೆ ಎಷ್ಟೋ ಮೆಕ್ಯಾನಿಕ್‌ಗಳು ಎಷ್ಟೋ ಸಾವಿರ ಪೈಪು ಎತ್ತಿದ ಮೇಲೆ ಆದ ಬದಲಾವಣೆ ಅದು. ಅಪ್ಪನ ಬಲ ಹೆಗಲು ಕೊನೆಯವರೆಗೂ ಸರಿ ಆಗಲಿಲ್ಲ.

ಅಪ್ಪನ ಆ ಮಾತಿನ ನೆನಪಿನಿಂದಲೇ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಈಗ ಆರನೆಯದ್ದು ನಡೆಯುತ್ತಿದೆ. ಯಾವ ಮೆಷಿನ್, ಯಾವ ಪಾರ್ಟು ಹೋಯಿತು, ಎಲ್ಲಿ ಬಳಸುತ್ತಿದ್ದರು, ಕೆಡುವ ಮೊದಲು ಏನು ಮಾಡುತ್ತಿದ್ದರು, ಇಷ್ಟು ಬರೆಯುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದೇ ಕಂಪನಿಯ ಬ್ಯಾಟರಿ ಪಂಪು ನನ್ನ ಹತ್ತಿರ 23 ಬಂತು. 19ರಲ್ಲಿ ಒಂದೇ ತೊಂದರೆ. ಚಾರ್ಜ್ ಮಾಡುವ ತೂತು ಟ್ಯಾಂಕಿನ ತಳದಲ್ಲಿ ಇದೆ. ಬೆನ್ನಿನಿಂದ ಇಳಿಸಿ ಎಲ್ಲಿ ಇಡುತ್ತಾರೆ? ಒದ್ದೆ ನೆಲದ ಮೇಲೆ, ಕೆಸರಲ್ಲಿ. ಮೇಲಿಂದ ಸೋರುವ ಮದ್ದು ಇಳಿದು ಬರುವುದೂ ಅಲ್ಲಿಗೇ. ರಬ್ಬರ್ ಮುಚ್ಚಳ ಇದೆ, ಒಂದು ತಿಂಗಳಿಗೆ ಹರಿದು ಹೋಗುತ್ತದೆ. ಒಳಗಿನ ಪಿನ್ನು ಹಸಿರು ಕಟ್ಟಿ ಉದುರುತ್ತದೆ.

ನಾನು ಕಂಪನಿಗೆ ಫೋನ್ ಮಾಡಿದೆ. ಸೀರಿಯಲ್ ನಂಬರ್ ಕೇಳಿದರು, ದೂರು ದಾಖಲಾಗಿದೆ ಅಂತ ಮೆಸೇಜ್ ಬಂತು. ಹೊಸ ಪಾರ್ಟು ಕಳಿಸಿದರು ಕೂಡ. ಅದಕ್ಕೆ ಅವರಿಗೆ ಉಪಕಾರ ನೆನೆಯುತ್ತೇನೆ. ಆದರೆ ಇದು ಯಾಕೆ ಹೋಗುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ಈ ವರ್ಷದ ಹೊಸ ಮಾಡೆಲ್ ಮೊನ್ನೆ ಅಂಗಡಿಗೆ ಬಂತು. ಬಣ್ಣ ಬೇರೆ, ಸ್ಟಿಕ್ಕರ್ ಬೇರೆ. ಬಗ್ಗಿ ನೋಡಿದೆ. ತೂತು ಅಲ್ಲೇ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಒಳ್ಳೆಯ ಸುದ್ದಿಯನ್ನೂ ಹೇಳಬೇಕು. ಹೋದ ವರ್ಷ ಇಬ್ಬರು ವಿದ್ಯಾರ್ಥಿಗಳು, ಬೇರೆ ಕಾಲೇಜಿನವರು, ಜೂನಿನಲ್ಲಿ ನನ್ನ ಅಂಗಡಿಗೆ ಬಂದರು. ಹಗುರದ ಸ್ಪ್ರೇ ಗನ್ ಮಾಡಬೇಕು ಅಂತ ಅವರ ಯೋಚನೆ. ನಾನು ಹೇಳಿದೆ, ಈಗಲೇ ಏನೂ ಮಾಡಬೇಡಿ, ಮೂರು ದಿನ ಇಲ್ಲಿ ಬೆಂಚಿನ ಮೇಲೆ ಕೂತುಕೊಳ್ಳಿ, ಬಂದವರ ಮಾತು ಕೇಳಿ. ನಾಲ್ಕನೇ ದಿನ ಮದ್ದು ಬಿಡುವವರ ಜೊತೆ ತೋಟಕ್ಕೆ ಕಳಿಸಿದೆ.

ಅಲ್ಲಿ ಅವರು ನೋಡಿದ್ದು ಇದು. ಒಬ್ಬ 50 ಅಡಿ ಮೇಲೆ ಮರದಲ್ಲಿ. ಕೆಳಗೆ ಎಚ್‌ಟಿಪಿ ಪಂಪಿನ (ಇಂಜಿನಿನಿಂದ ಮದ್ದನ್ನು ಜೋರಾಗಿ ಮೇಲಕ್ಕೆ ತಳ್ಳುವ ಪಂಪು) ಹತ್ತಿರ ಒಬ್ಬ, ಡ್ರಮ್ಮಿನಲ್ಲಿ ಮದ್ದು ಕಲಸುವವ ಒಬ್ಬ. ನಡುವೆ ಮರದ ಬುಡದಲ್ಲಿ ಇನ್ನೊಬ್ಬ ನಿಂತಿದ್ದಾನೆ. ಇವನ ಕೆಲಸ ಪೈಪು ಎಳೆದು ಕೊಡುವುದು, ಅದಕ್ಕಿಂತ ಜಾಸ್ತಿ ಕೂಗುವುದು. ಡ್ರಮ್ಮು ಮುಗಿಯುತ್ತಾ ಬಂದರೆ ಪಂಪಿನವ ಕೂಗುತ್ತಾನೆ. ಇಂಜಿನ್ ಸದ್ದಿನಲ್ಲಿ ಮೇಲಿನವನಿಗೆ ಕೇಳುವುದಿಲ್ಲ. ನಡುವಿನವ ಅದನ್ನು ಎತ್ತಿಕೊಂಡು ಮೇಲಕ್ಕೆ ಕೂಗುತ್ತಾನೆ. ಅಷ್ಟರಲ್ಲಿ ಮೇಲಿನವ ಇನ್ನೊಂದು ಮರಕ್ಕೆ ದಾಟಿರುತ್ತಾನೆ. ಗನ್ನಿನಲ್ಲಿ ಗಾಳಿ ಬರುತ್ತದೆ. ಮದ್ದು ತುಂಬಿಸುವವರೆಗೆ ಅವನು ಒದ್ದೆ ಮರ ಅಪ್ಪಿಕೊಂಡು ಕಾಯಬೇಕು. ಅವನನ್ನು ಕೇಳಿದರು, ಗನ್ನು ಭಾರ ಆಗುತ್ತದಾ ಅಂತ. "ಗನ್ನು ಎಂತ ಭಾರ? ಮೇಲೆ ಸುಮ್ನೆ ನೇತಾಡಿ ಕಾಯುದೇ ಕಷ್ಟ" ಅಂದನಂತೆ.

ಹಗುರದ ಗನ್ನು ಬೇಡ ಅಂತ ಆ ದಿನವೇ ತೀರ್ಮಾನ ಆಯಿತು. ಇನ್ನೂ ಒಂದು ರೂಪಾಯಿ ಖರ್ಚಾಗಿರಲಿಲ್ಲ.

ಮೊದಲು ಅವರು ಡ್ರಮ್ಮಿಗೆ ಒಂದು ಥರ್ಮೋಕೋಲ್ ತುಂಡು ಬಿಟ್ಟು, ಅದಕ್ಕೆ ಬಿದಿರ ಕಡ್ಡಿ ಚುಚ್ಚಿ, ತುದಿಗೆ ಕೆಂಪು ಬಟ್ಟೆ ಕಟ್ಟಿದರು. ಮದ್ದು ಇಳಿದ ಹಾಗೆ ಬಟ್ಟೆ ಇಳಿಯುತ್ತದೆ, ಮರದ ಮೇಲಿಂದ ಕಾಣಲಿ ಅಂತ. ಸೋಗೆಯ (ಅಡಿಕೆ ಗರಿಯ) ಎಡೆಯಿಂದ ಏನೂ ಕಾಣಲಿಲ್ಲ. ಒಂದೇ ಬೆಳಿಗ್ಗೆಯಲ್ಲಿ ಗೊತ್ತಾಯಿತು, ನಷ್ಟ ಇಪ್ಪತ್ತು ರೂಪಾಯಿ. ಆಮೇಲೆ ನನ್ನ ಗುಜರಿ ಡಬ್ಬದಿಂದ ಹಳೆ ಬೈಕಿನ ಹಾರ್ನ್ ತೆಗೆದು ಬ್ಯಾಟರಿಗೆ ಕಟ್ಟಿ ಪಂಪಿನವನ ಕೈಗೆ ಕೊಟ್ಟರು. ಒಂದು ಸಲ ಬಾರಿಸಿದರೆ ಡ್ರಮ್ಮು ಮುಗಿಯುತ್ತಿದೆ, ಎರಡು ಸಲ ಅಂದರೆ ತುಂಬಿತು. ಮೇಲಿಂದ ಕೆಳಗೆ ಹೇಳಲು ಏನು ಮಾಡುವುದು ಅಂತ ತಲೆ ಕೆಡಿಸಿಕೊಂಡಿದ್ದರು. ಪಂಪಿನವ ಹೇಳಿದ, ಅದು ಬೇಡವೇ ಬೇಡ. ಮೇಲಿನವ ಗನ್ನು ಮುಚ್ಚಿದ ಕೂಡಲೇ ಇಂಜಿನಿನ ಸ್ವರ ಬದಲಾಗುತ್ತದೆ, ನನಗೆ ಗೊತ್ತಾಗುತ್ತದೆ ಅಂತ. ಅವನು ಎಷ್ಟೋ ವರ್ಷದಿಂದ ಹಾಗೆಯೇ ಕೆಲಸ ಮಾಡುತ್ತಿದ್ದ. ಪುಸ್ತಕದಲ್ಲಿ ಇದು ಎಲ್ಲಿಯೂ ಸಿಗುವುದಿಲ್ಲ, ಅಲ್ವಾ?

ಅವರಲ್ಲಿ ಒಬ್ಬ ಹುಡುಗ ನನಗೆ ಒಂದು ಕಥೆ ಹೇಳಿದ. ಅಮೆರಿಕದ ಜೆಫ್ ಹಾಕಿನ್ಸ್ ಅನ್ನುವ ಇಂಜಿನಿಯರ್ 1990ರ ದಶಕದಲ್ಲಿ ಕಿಸೆಯಲ್ಲಿ ಇಟ್ಟುಕೊಳ್ಳುವ ಸಣ್ಣ ಕಂಪ್ಯೂಟರ್ ಮಾಡಿದರಂತೆ, ಪಾಮ್ ಪೈಲಟ್ ಅಂತ. ಒಳಗೆ ಏನು ಹಾಕಬೇಕು ಅಂತ ಯೋಚಿಸುವ ಮೊದಲು ಅದೇ ಅಳತೆಯ ಒಂದು ಮರದ ತುಂಡು ಕೊರೆದು ದಿನವಿಡೀ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದರು. ಯಾರಾದರೂ ಮೀಟಿಂಗಿಗೆ ಕರೆದರೆ ಆ ತುಂಡನ್ನು ತೆಗೆದು ಅದರ ಮೇಲೆ ಬರೆಯುವ ಹಾಗೆ ಮಾಡುತ್ತಿದ್ದರು. ಎಲ್ಲಿ ತೊಡಕು ಆಗುತ್ತದೆ, ಯಾವಾಗ ಬೇಕಾಗುತ್ತದೆ ಅಂತ ತಿಳಿಯಲು. ನನಗೆ ತುಂಬ ಖುಷಿ ಆಯಿತು. ನಮ್ಮಲ್ಲೂ ಅದನ್ನೇ ಮಾಡಬಹುದು. ಬೆನ್ನಿಗೆ ಹಾಕುವ ಪಂಪು ಮಾಡುವವರು ಮೊದಲು ಒಂದು ಗೋಣಿಯಲ್ಲಿ ಅಷ್ಟೇ ತೂಕದ ಹೊಯಿಗೆ (ಮರಳು) ತುಂಬಿಸಿ, ಬೆನ್ನಿಗೆ ಕಟ್ಟಿಕೊಂಡು ಮಳೆಯಲ್ಲಿ ನಾಲ್ಕು ಸಂಕ ದಾಟಲಿ. 16 ಲೀಟರ್ ಟ್ಯಾಂಕು ಅಂದರೆ ನೀರಿನ ತೂಕವೇ 16 ಕೆ.ಜಿ. ಮೇಲಿಂದ ಪಂಪು, ಬ್ಯಾಟರಿ. ಆ ಮಕ್ಕಳಿಂದ ಮಾಡಿಸಿದೆ. ಎರಡನೇ ಸಂಕದಲ್ಲೇ ಹುಡುಗ ಹೇಳಿದ, ಭಾರಕ್ಕಿಂತ ಭಾರ ಆ ಕಡೆ ಈ ಕಡೆ ಓಲಾಡುವುದೇ ಹೆದರಿಕೆ ಅಂತ. ಅರ್ಧ ತುಂಬಿದ ಟ್ಯಾಂಕು ಹೊತ್ತವರೆಲ್ಲ ಇದನ್ನೇ ಹೇಳುತ್ತಾರೆ.

ಒಂದು ವಿಷಯವನ್ನು ಮಾತ್ರ ತಡ ಮಾಡದೆ ಹೇಳಬೇಕು. ಈಗ ಎಲ್ಲ ಕಡೆ ಕಾರ್ಬನ್ ಫೈಬರ್ ದೋಟಿ (ಕೊಯ್ಯುವ ಉದ್ದದ ಕೋಲು) ಬಂದಿದೆ. ನೆಲದಲ್ಲೇ ನಿಂತು ಅಡಿಕೆ ಕೊನೆ (ಗೊನೆ) ಕೊಯ್ಯಬಹುದು, ಮದ್ದೂ ಬಿಡಬಹುದು. ಮರ ಹತ್ತುವವರು ಸಿಗದ ಕಾಲದಲ್ಲಿ ಅದು ತುಂಬ ಉಪಕಾರ ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಅಲ್ಯೂಮಿನಿಯಂ ಮಾತ್ರ ಅಪಾಯ, ಇದು ಫೈಬರ್ ಅಲ್ವಾ ಅಂತ ಅಂಗಡಿಗೆ ಬರುವ ಹಲವರು ತಿಳಿದುಕೊಂಡಿದ್ದಾರೆ. ನಮ್ಮ ತೋಟಗಳ ನಡುವೆ ಕರೆಂಟಿನ ಲೈನ್ ಹಾದು ಹೋಗುತ್ತದೆ. ಕೊನೆ ಕೊಯ್ಯುವವನ ಕಣ್ಣು ಕೊನೆಯ ಮೇಲೆ ಇರುತ್ತದೆ, ಸೋಗೆಯ ಹಿಂದಿನ ತಂತಿಯ ಮೇಲೆ ಇರುವುದಿಲ್ಲ. ನಾನು ನೋಡಿದ ಒಂದು ದೋಟಿಯಲ್ಲಿ ಎಚ್ಚರಿಕೆಯ ಸ್ಟಿಕ್ಕರ್ ಇಂಗ್ಲಿಷಿನಲ್ಲಿತ್ತು. ಅದೂ ಕೈ ಹಿಡಿಯುವ ಜಾಗದಲ್ಲೇ ಅಂಟಿಸಿದ್ದರು. ಬೆವರಿಗೆ, ಮದ್ದಿಗೆ ಅಕ್ಷರ ಅಳಿಸಿಹೋಗಿತ್ತು. ಸ್ಟಿಕ್ಕರ್ ಅಂಟಿಸುವ ಮೊದಲು ತೋಟದಲ್ಲಿ ಒಂದು ದಿನ ನಿಂತಿದ್ದರೆ ಆ ಜಾಗ ಕೈ ಹಿಡಿಯುವುದು ಅಂತ ಗೊತ್ತಾಗುತ್ತಿತ್ತು. ದೋಟಿ ಇರುವವರು ದಯವಿಟ್ಟು ಇದನ್ನು ಓದಿ ಮನೆಯ ಆಳುಗಳಿಗೂ ಹೇಳಿ. ತಂತಿ ಇರುವ ಕಡೆ ದೋಟಿ ಎತ್ತಬೇಡಿ.

ಸಂಪಾದಕರೇ, ನಿಮ್ಮಲ್ಲಿ ನನ್ನದೊಂದು ವಿನಂತಿ. ಮಕ್ಕಳ ಪ್ರಾಜೆಕ್ಟ್ ಬಗ್ಗೆ ಬರೆಯಿರಿ, ಖಂಡಿತ ಬರೆಯಿರಿ. ಅವರಿಗೆ ಹುರುಪು ಬೇಕು. ಬರೆಯುವಾಗ ನಿಮ್ಮ ವರದಿಗಾರರು ಒಂದು ಪ್ರಶ್ನೆ ಜಾಸ್ತಿ ಕೇಳಲಿ: ಇದನ್ನು ಮಾಡುವ ಮೊದಲು ಯಾರ ಜೊತೆ, ಎಷ್ಟು ದಿನ ಇದ್ದಿರಿ? ಉತ್ತರವನ್ನು ಹಾಗೆಯೇ ಹಾಕಿ. ಒಂದು ವರ್ಷ ಹೀಗೆ ಕೇಳಿದರೆ ಮುಂದಿನ ವರ್ಷದ ಮಕ್ಕಳು ಕೇಳುವ ಮೊದಲೇ ಹೋಗಿ ಬರುತ್ತಾರೆ.

ಕಾಲೇಜಿನ ಮೇಷ್ಟ್ರುಗಳಿಗೂ ಹೇಳುತ್ತೇನೆ. ಪ್ರಾಜೆಕ್ಟಿನ ಮೊದಲ ತಿಂಗಳು ಡ್ರಾಯಿಂಗ್ ಕೇಳಬೇಡಿ. ಯಾರನ್ನು ನೋಡಿದಿರಿ, ಅವರು ಎಲ್ಲಿ ತಡವರಿಸಿದರು, ಅದನ್ನು ಬರೆದು ತರಲು ಹೇಳಿ. ಅದಕ್ಕೂ ಮಾರ್ಕ್ಸ್ ಕೊಡಿ. ನೋಡಿ ಬಂದು ಈ ಯಂತ್ರ ಬೇಡವೇ ಬೇಡ ಅಂತ ಒಂದು ಗುಂಪು ಬರೆದರೆ ಅವರನ್ನು ಫೇಲ್ ಮಾಡಬೇಡಿ. ಸಬ್ಸಿಡಿಗೆ ಯಂತ್ರ ಆರಿಸುವವರು ಕೂಡ ಬೇಸಿಗೆಯ ಮೈದಾನದಲ್ಲಿ ಡೆಮೊ ನೋಡಿ ಒಪ್ಪಬೇಡಿ. ಜುಲೈಯಲ್ಲಿ ಒಂದು ವಾರ ತೋಟದಲ್ಲಿ ಓಡಿಸಿ ನೋಡಿ.

ನನ್ನ ಆರೂ ನೋಟ್‌ಬುಕ್ ಅಂಗಡಿಯ ಶೆಲ್ಫಿನಲ್ಲಿ ಇವೆ. ಯಾವ ಕಾಲೇಜಿನವರು, ಯಾವ ಕಂಪನಿಯವರು ಬಂದು ಕೇಳಿದರೂ ಕೂತು ಓದಬಹುದು, ಫೋಟೋ ತೆಗೆದುಕೊಳ್ಳಬಹುದು. ದುಡ್ಡು ಬೇಡ. ಜನರ ಹೆಸರು ಬರೆದಿಲ್ಲ, ಹಾಗಾಗಿ ಯಾರಿಗೂ ತೊಂದರೆ ಇಲ್ಲ. ಅಕ್ಷರ ಅರ್ಥವಾಗದಿದ್ದರೆ ನಾನು ಓದಿ ಹೇಳುತ್ತೇನೆ.

ಮಳೆ ಸರಿಯಾಗಿ ಹಿಡಿಯುವ ಮೊದಲು ನಮ್ಮ ಕಡೆ ಮೊದಲ ಸಲದ ಮದ್ದು ಬಿಡುತ್ತಾರೆ. ಈ ಸಲ ನಾಲ್ಕು ತೋಟದವರು, ಮಕ್ಕಳು ಬಂದು ನೋಡುವುದಾದರೆ ಬರಲಿ ಅಂತ ಒಪ್ಪಿದ್ದಾರೆ. ಮೊನ್ನೆಯ ಪ್ರದರ್ಶನದ ಆ ನಾಲ್ಕು ಮಕ್ಕಳಿಗೂ ಹೇಳಿ ಕಳಿಸಿದ್ದೇನೆ. ಬೆಳಿಗ್ಗೆ 7 ಗಂಟೆಗೆ ಅಂಗಡಿಯ ಎದುರು ಬಂದರೆ ಸಾಕು, ಅಲ್ಲಿಂದ ಒಟ್ಟಿಗೆ ಹೋಗುವ. ಹಳೆ ಅಂಗಿ ಹಾಕಿಕೊಂಡು ಬರಲಿ, ಮದ್ದಿನ ಕಲೆ ತೊಳೆದರೂ ಹೋಗುವುದಿಲ್ಲ.

ಇತಿ,
ನಿಮ್ಮ ಓದುಗ, ಪಂಪು ರಿಪೇರಿ ಮಾಡುವವನು
ಹಿರಿಯಡ್ಕ, ಉಡುಪಿ